ವಡೆ ಸುಟ್ಟ ಎಣ್ಣೆ, ಅಕ್ಕನ ವಿಮಾನ

ನಮ್ಮಕ್ಕ ವಿಮಾನ ಹಾರಿಸುತ್ತಾಳೆ. ನಗಬೇಡಿ! ಆಕೆ ವಿಮಾನ ಹತ್ತಿದವಳಲ್ಲ, ಹತ್ತುವ ಆಸೆಯೂ ಇಲ್ಲ. ಹನುಮಂತನಪಟ್ಟಿಯಿಂದ ತೇನಿಗೆ ಬಸ್ಸಿನಲ್ಲಿ ಬರುವುದೇ ಆಕೆಗೆ ಒಂದು ಗಂಡಾಂತರ. ಸೆರಗಿನ ತುದಿಯಲ್ಲಿ ನಿಂಬೆಹಣ್ಣು ಕಟ್ಟಿಕೊಂಡು, ಕಿಟಕಿಗೆ ಮೂಗು ಕೊಟ್ಟು ಕೂರುತ್ತಾಳೆ. ಚಿನ್ನಮನೂರು ದಾಟುವುದರೊಳಗೆ ಮೂಸಿ ಮೂಸಿ ಆ ಹಣ್ಣಿನ ವಾಸನೆಯೇ ಮುಗಿದುಹೋಗಿರುತ್ತದೆ. ಇಂಥವಳು ವಿಮಾನ ಹಾರಿಸುತ್ತಾಳೆ ಎಂದರೆ ಯಾರು ನಂಬುತ್ತಾರೆ? ನಾನೂ ನಂಬಿರಲಿಲ್ಲ. ಆದರೆ ತೇನಿಯ ಬಜ್ಜಿ ಅಂಗಡಿಯವರನ್ನೆಲ್ಲ ಕೇಳಿ ನೋಡಿ. 'ಯಾರು, ಏರೋಪ್ಲೇನ್ ಅಕ್ಕನಾ?' ಎಂದು ಕೈಯಲ್ಲಿದ್ದ ಜಾಲರಿ ಕೆಳಗಿಟ್ಟು ಮಾತಿಗೆ ನಿಲ್ಲುತ್ತಾರೆ.

ನಾನು ಆಕೆಯ ತಮ್ಮ. ತೇನಿಯ ಬಸ್ ಸ್ಟ್ಯಾಂಡಿನ ಹತ್ತಿರ ಉದ್ದಿನ ವಡೆಯ ಅಂಗಡಿ ಇಟ್ಟುಕೊಂಡಿದ್ದೇನೆ. ಅಪ್ಪ ಹಾಕಿದ ಅಂಗಡಿ. ಓದಿದ್ದು ಎಂಟನೆಯ ಕ್ಲಾಸು, ಅದೂ ತಮಿಳಿನಲ್ಲಿ. ನಮ್ಮ ಮನೆಮಾತು ಕನ್ನಡ. ಎಷ್ಟು ತಲೆಮಾರಿನಿಂದ ಈ ಕಣಿವೆಯಲ್ಲಿದ್ದೇವೋ ಲೆಕ್ಕ ಇಟ್ಟವರಿಲ್ಲ. ಮಾತು ಉಳಿಯಿತು, ಅಕ್ಷರ ಉಳಿಯಲಿಲ್ಲ. ಹುಡುಗನಾಗಿದ್ದಾಗ ಒಂದಷ್ಟು ಕಾಲ ಮೈಸೂರಿನ ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತ, ಎದುರಿಗೆ ನಿಲ್ಲುವ ಬಸ್ಸಿನ ಬೋರ್ಡುಗಳನ್ನು ಓದಿ ಓದಿ ಕನ್ನಡ ಅಕ್ಷರ ಕಲಿತೆ. ಈ ಬರಹದಲ್ಲಿ ತಪ್ಪುಗಳಿದ್ದರೆ ಅದು ಬಸ್ಸಿನವರ ತಪ್ಪು!

ವಿಮಾನದ ಹುಚ್ಚು ಹಿಡಿದದ್ದು ಒಂದು ಊಟದಿಂದ. ಹೆಂಗಸರ ಸಂಘಗಳವರನ್ನೆಲ್ಲ ತೇನಿಗೆ ಕರೆಸಿ ಒಂದು ಸಭೆ ಮಾಡಿದ್ದರು. ಕರಿದು ಮಿಕ್ಕ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿ ತಿನ್ನಬೇಡಿ, ಚರಂಡಿಗೂ ಸುರಿಯಬೇಡಿ. ಕೂಡಿಟ್ಟು ಕೊಟ್ಟರೆ ಕಂಪನಿಯವರು ದೂರದ ಕಾರ್ಖಾನೆಗೆ ಒಯ್ದು, ಶುದ್ಧಿ ಮಾಡಿ, ಏನೇನೋ ಅನಿಲ ಸೇರಿಸಿ ಕಾಯಿಸಿ, ವಿಮಾನಕ್ಕೆ ಹಾಕುವ ಇಂಧನದಲ್ಲಿ ಬೆರೆಸುತ್ತಾರೆ ಎಂದು ಒಬ್ಬ ಅಧಿಕಾರಿ ಹೇಳಿದರಂತೆ. ಅಷ್ಟರಲ್ಲಿ ಸಾಂಬಾರನ್ನದ ಪೊಟ್ಟಣ ಬಂತು. ಉಳಿದವರೆಲ್ಲ ಪೊಟ್ಟಣದ ಕಡೆ ಓಡಿದರು. ನಮ್ಮಕ್ಕ ಮಾತ್ರ ಅಧಿಕಾರಿಯ ಕಡೆ ಓಡಿದಳು.

'ಸಾರ್, ಮದುರೆಯಿಂದ ಚೆನ್ನೈಗೆ ಹೋಗಬೇಕಾದರೆ ಎಷ್ಟು ವಡೆ ಸುಡಬೇಕು?'

ನಮ್ಮ ಕಡೆ ವಡೆಯನ್ನು ಕರಿಯುವುದಿಲ್ಲ, ಸುಡುತ್ತೇವೆ; ಎಣ್ಣೆಯಲ್ಲಿ ಕರಿಯುವುದಕ್ಕೇ ಆ ಮಾತು. ಪಾಪ, ಹೊರಗಿನಿಂದ ಬಂದ ಅಧಿಕಾರಿಗೆ ಪ್ರಶ್ನೆಯೇ ಅರ್ಥವಾಗಿರಲಾರದು. ವಡೆ ಯಾಕೆ ಸುಡಬೇಕು, ಸುಟ್ಟರೆ ವಿಮಾನ ಯಾಕೆ ಹಾರಬೇಕು! ಅಂತೂ ಅವರು ಉತ್ತರ ಕೊಡಲಿಲ್ಲ. ಉತ್ತರ ಸಿಗದ ಪ್ರಶ್ನೆಯನ್ನು ಅಕ್ಕ ಹಸಿವಿನ ಹಾಗೆ ಹೊತ್ತುಕೊಂಡು ನನ್ನ ಅಂಗಡಿಗೆ ಬಂದಳು. ಬಾಣಲಿಯೊಳಗೆ ಇಣುಕಿದಳು.

'ತಮ್ಮಾ, ಇದರಲ್ಲಿ ಏನಿದೆ ಗೊತ್ತಾ?'

'ಪಾಮಾಯಿಲ್.'

'ಅಲ್ಲ ಕಣೋ. ವಿಮಾನ!'

ಅವತ್ತಿನಿಂದ ಶುರು. ತಲೆಯ ಮೇಲೆ ಮದುರೆಯ ಕಡೆ ಒಂದು ವಿಮಾನ ಹೋದರೆ ಸಾಕು, ಅಕ್ಕ ದಾರಿಯ ನಡುವೆ ನಿಂತು ಮೂಗರಳಿಸಿ 'ಇದು ಬೋಂಡಾ' ಎನ್ನುತ್ತಾಳೆ. 'ನಮ್ಮ ಎಣ್ಣೆ ಇನ್ನೂ ಕಾರ್ಖಾನೆಗೇ ಹೋಗಿಲ್ಲವಲ್ಲಕ್ಕ' ಎಂದರೆ, 'ಬೇರೆ ಊರಿನವರು ಬೋಂಡಾ ಸುಡಲ್ವಾ?' ಎಂದು ನನ್ನನ್ನೇ ಕೇಳುತ್ತಾಳೆ. ಹೊಗೆಯ ವಿಷಯ ಎತ್ತಿದರೆ ಪಾಠವೇ ಶುರು. 'ಭೂಮಿ ಅಗೆದು ತೆಗೆದ ಎಣ್ಣೆಯ ಹೊಗೆ ಹೊಸ ಹೊಗೆ ಕಣೋ. ಗಿಡದ ಎಣ್ಣೆ ಹಾಗಲ್ಲ. ಗಿಡ ಗಾಳಿಯಿಂದ ತಗೊಂಡದ್ದನ್ನೇ ಗಾಳಿಗೆ ಕೊಡ್ತದೆ. ಪಕ್ಕದ ಮನೆಯಿಂದ ಒಂದು ಲೋಟ ಸಕ್ಕರೆ ತಂದು, ಒಂದು ಲೋಟ ಸಕ್ಕರೆ ಕೊಟ್ಟ ಹಾಗೆ.' ಅರ್ಥವಾಯಿತೇ? ನನಗೆ ಆಯಿತು. ಆದರೆ ಪಕ್ಕದ ಮನೆಗೆ ಸಕ್ಕರೆ ವಾಪಸ್ಸು ಕೊಟ್ಟವರನ್ನು ನಾನು ಈವರೆಗೆ ನೋಡಿಲ್ಲ.

ಕಂಪನಿಗಾಗಿ ಎಣ್ಣೆ ಕೂಡಿಸುವ ಕೆಲಸವನ್ನು ಅಕ್ಕನೇ ವಹಿಸಿಕೊಂಡಳು. ಎಣ್ಣೆಗೆ ಬದಲಾಗಿ ಆಕೆ ಅಂಗಡಿಗಳವರಿಗೆ ಪಾತ್ರೆ ತಿಕ್ಕುವ ಸೋಪು ಕೊಡುತ್ತಾಳೆ. ನಮ್ಮ ಸಾಲಿನ ಬಾಣಲಿಗಳಿಗೆ ಹೊಳಪು ಬಂದದ್ದೇ ಆಮೇಲೆ. ದ್ರಾಕ್ಷಿ ತೋಟ ನೋಡಿಕೊಳ್ಳುವ ನಮ್ಮ ಬಾವನಿಗೆ ಮಾತ್ರ ಇದರಿಂದ ಒಂದು ದುಃಖ. 'ನನ್ನ ತಲೆಗೆ ಒಂದು ತೊಟ್ಟು ಎಣ್ಣೆ ಹಚ್ಚುವವರಿಲ್ಲ, ಯಾರದೋ ವಿಮಾನಕ್ಕೆ ಡ್ರಮ್ಮುಗಟ್ಟಲೆ' ಎಂದು ಬೋಳು ತಲೆ ಸವರಿಕೊಳ್ಳುತ್ತಾನೆ.

ಊರಿನಲ್ಲೇ ಆದ ಅವಾಂತರ ಹೇಳುತ್ತೇನೆ ಕೇಳಿ. ಅಕ್ಕ ಮನೆಮನೆಯ ಎಣ್ಣೆ ಕೂಡಿಸಲು ಹನುಮಂತನಪಟ್ಟಿಯ ಬೀದಿಯಲ್ಲಿ ಕ್ಯಾನು ಹಿಡಿದು ಹೊರಟಳು. 'ವಿಮಾನಕ್ಕೆ ಎಣ್ಣೆ ಕೊಡ್ರವ್ವಾ' ಎಂದು ಕೂಗಿದಳು. ನಮ್ಮ ಕಡೆ ವಿಮಾನ ಎಂದರೆ ಮೊದಲು ನೆನಪಾಗುವುದು ಆಕಾಶದ್ದಲ್ಲ, ದೇವಸ್ಥಾನದ್ದು. ಗರ್ಭಗುಡಿಯ ಮೇಲೆ ಕಳಸ ಹೊತ್ತು ನಿಲ್ಲುವ ಶಿಖರಕ್ಕೂ ವಿಮಾನ ಎಂದೇ ಹೆಸರು. ಆಗ ನೋಡಿದರೆ ಊರ ಗುಡಿಯ ವಿಮಾನಕ್ಕೆ ಬಣ್ಣ ಬಳಿಯುವ ಕೆಲಸವೂ ನಡೆದಿತ್ತು! ಇನ್ನೇನು ಬೇಕು? ಬೀದಿಯ ಕೊನೆ ಮುಟ್ಟುವುದರೊಳಗೆ ಮುದುಕಿಯರೆಲ್ಲ ಮಡಿಯುಟ್ಟು, ಗಾಣದಲ್ಲಿ ತೆಗೆಸಿದ ಹೊಸ ಎಳ್ಳೆಣ್ಣೆಯನ್ನು ಚೊಂಬಿನಲ್ಲಿ ತುಂಬಿ, ಮೇಲೊಂದು ಹೂವಿಟ್ಟು ಬಾಗಿಲಿಗೆ ಬಂದು ನಿಂತಿದ್ದರು.

'ಅಯ್ಯೋ, ಇದು ಬೇಡವ್ವಾ' ಎಂದಳು ಅಕ್ಕ. 'ಸುಟ್ಟ ಎಣ್ಣೆ ಇದ್ರೆ ಕೊಡಿ.'

ಎದುರು ಮನೆಯ ಅಜ್ಜಿ ಚೊಂಬನ್ನು ಎದೆಗೆ ಅವಚಿಕೊಂಡಳು. 'ಏನಂದೆ? ದೇವರ ವಿಮಾನಕ್ಕೆ ಅಪ್ಪಳ ಸುಟ್ಟ ಎಣ್ಣೆಯಾ? ನಿನ್ನ ನಾಲಗೆಗೆ ಬರೆ ಹಾಕ!'

'ದೇವರ ವಿಮಾನ ಅಲ್ಲವ್ವಾ. ಮೇಲೆ ಹಾರೋ ವಿಮಾನ.'

'ಹಾರೋ ವಿಮಾನದಲ್ಲಿ ಯಾವ ದೇವರು ಅದೆ?'

ಸುದ್ದಿ ಗುಡಿಗೆ ಹೋಯಿತು. ಪೂಜಾರಿ ಕರೆಸಿದರು. ದೇವರ ಹೆಸರಿನಲ್ಲಿ ಎಣ್ಣೆ ಎತ್ತುತ್ತೀಯಂತೆ ಎಂದು ಗದರಿದರು. ಅಕ್ಕ ವಡೆಯಿಂದ ಆಕಾಶದವರೆಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಪೂಜಾರಿ ಗಡ್ಡ ಕೆರೆದು ಯೋಚಿಸಿ, ಕೊನೆಗೆ ಒಂದೇ ಒಂದು ಮಾತು ಕೇಳಿದರು: 'ಆ ವಿಮಾನ ನಮ್ಮ ವಿಮಾನದ ಮೇಲೇ ಹೋಗಬೇಕಾ? ಸ್ವಲ್ಪ ಪಕ್ಕದಲ್ಲಿ ಹೋಗೋಕಾಗಲ್ವಾ?' ಪಕ್ಕದಲ್ಲೇ ಹೋಗುತ್ತದೆ ಎಂದು ಅಕ್ಕ ಮಾತು ಕೊಟ್ಟಳು! ಕೊಟ್ಟ ಮಾತನ್ನು ಯಾವ ಪೈಲಟ್ಟಿಗೆ ಹೇಗೆ ತಿಳಿಸಿದಳೋ ನನಗೆ ಗೊತ್ತಿಲ್ಲ. ಪೂಜಾರಿಗೆ ಸಮಾಧಾನವಾಯಿತು. ಈಗ ಆ ಅಜ್ಜಿಯೇ ಅಪ್ಪಳದ ಎಣ್ಣೆಯನ್ನು ಸೋಸಿ, ಅದರ ಮೇಲೂ ಒಂದು ಹೂವಿಟ್ಟು ಕೊಡುತ್ತಾಳೆ. 'ಯಾವ ವಿಮಾನವಾದರೇನು, ಮೇಲಕ್ಕೆ ತಾನೇ ಹೋಗೋದು' ಎನ್ನುತ್ತಾಳೆ.

ಕಂಪನಿಯವರು ಅಕ್ಕನ ಕೈಗೆ ಒಂದು ಮೀಟರು ಕೊಟ್ಟರು. ಉದ್ದನೆಯ ಕಡ್ಡಿ, ಮೇಲೊಂದು ಸಣ್ಣ ದೀಪ. ಬಿಸಿ ಎಣ್ಣೆಯಲ್ಲಿ ಅದ್ದಿದರೆ ಹಸಿರು ಬಂದರೆ ಎಣ್ಣೆ ಸರಿಯಾಗಿದೆ, ಹಳದಿ ಬಂದರೆ ಎಚ್ಚರ, ಕೆಂಪು ಬಂದರೆ ಇನ್ನು ಆ ಎಣ್ಣೆಯಲ್ಲಿ ಏನನ್ನೂ ಸುಡಬಾರದು. ಕೋತಿಗೆ ಮೊದಲೇ ಕುಣಿತ ಗೊತ್ತು, ಮೇಲೆ ಗೆಜ್ಜೆಯನ್ನೂ ಕಟ್ಟಿದರು! ದಿಂಡಿಗಲ್ಲಿನಲ್ಲಿ ನೆಂಟರ ಮದುವೆ. ಎಲ್ಲರೂ ವಧೂವರರಿಗೆ ಅಕ್ಷತೆ ಹಾಕುತ್ತಿದ್ದರೆ ನಮ್ಮಕ್ಕ ರೇಷ್ಮೆ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಅಡುಗೆ ಮನೆಗೆ ನುಗ್ಗಿ, ಅಪ್ಪಳದ ಬಾಣಲಿಯಲ್ಲಿ ಮೀಟರು ಅದ್ದಿ ನಿಂತಿದ್ದಳು. ಅಡುಗೆ ಮೇಸ್ತ್ರಿ ತಮಿಳಿನಲ್ಲಿ ಕೇಳಿದ:

'ಏನು ಡಾಕ್ಟರಮ್ಮಾ, ಎಣ್ಣೆಗೆ ಜ್ವರವಾ?'

'ಜ್ವರ ಅಲ್ಲ ಮೇಸ್ತ್ರಿ, ವಯಸ್ಸಾಗಿದೆ. ಕೆಂಪು ನೋಡಿ. ಪಿಂಚಣಿ ಕೊಟ್ಟು ಕಳಿಸಿ.'

'ಕಳಿಸಿದರೆ ಎಲ್ಲಿಗೆ ಹೋಗ್ತದೆ ಪಾಪ, ಈ ವಯಸ್ಸಲ್ಲಿ?'

'ಸಿಂಗಪೂರಿಗೆ!'

ಮೇಸ್ತ್ರಿ ನಕ್ಕು ನಕ್ಕು ಒಲೆ ಆರಿಸಿದ. ಎಣ್ಣೆ ಅಕ್ಕನ ಕ್ಯಾನಿಗೆ ಹೋಯಿತು. ಆದರೆ ಹೊಸ ಎಣ್ಣೆ ತರಿಸಿ ಕಾಯಿಸುವವರೆಗೆ ಎರಡನೆಯ ಪಂಕ್ತಿಗೆ ಅಪ್ಪಳ ಬರಲಿಲ್ಲ. ಎಲೆಯ ಮುಂದೆ ಕೂತಿದ್ದ ಮದುಮಗನ ಸೋದರಮಾವ ಕಣ್ಣು ಕೆಂಪಗೆ ಮಾಡಿ, 'ಅಪ್ಪಳ ಎಲ್ಲಿ?' ಎಂದು ಗುಡುಗಿದರು. ಪಕ್ಕದಲ್ಲಿದ್ದ ನಮ್ಮ ಬಾವ ಪಾಯಸ ಕಲಸುತ್ತ, ತಲೆ ಎತ್ತದೆ ಹೇಳಿದ: 'ಏರ್‌ಪೋರ್ಟಿಗೆ ಹೋಗಿದೆ, ಬರ್ತದೆ.'

ದಿಂಡಿಗಲ್ಲಿಗೆ ಹೋದವರು ಬಿರಿಯಾನಿ ತಿಂದು ಬರುತ್ತಾರೆ. ಅಕ್ಕ ಬೀಗ ಕೊಂಡು ಬಂದಳು. ಆ ಊರಿನ ಬೀಗ ಹಾಕಿದರೆ ಕಳ್ಳನೂ ಕೈಮುಗಿದು ಹೋಗುತ್ತಾನಂತೆ. ಪ್ರತಿ ಅಂಗಡಿಗೂ ಒಂದು ತಗಡಿನ ಡಬ್ಬ ಮಾಡಿಸಿದಳು. ಮುಚ್ಚಳದಲ್ಲಿ ಒಂದು ತೂತು, ತೂತಿಗೆ ಒಂದು ಲಾಳಿಕೆ, ಮುಚ್ಚಳಕ್ಕೆ ಬೀಗ. ಸುರಿಯಬಹುದು, ತೆಗೆಯಲಾಗದು. ದೇವರ ಹುಂಡಿಯ ಹಾಗೆ! ನಾವೆಲ್ಲ ಅದನ್ನು ಎಣ್ಣೆಹುಂಡಿ ಎಂದೇ ಕರೆದೆವು. ಶುಕ್ರವಾರ ಬಂದರೆ ಅಕ್ಕ ತೂತಿನಲ್ಲಿ ಕಡ್ಡಿ ಇಳಿಸಿ ಮಟ್ಟ ನೋಡುತ್ತಾಳೆ.

ಇಲ್ಲಿಗೆ ನಗು ಸಾಕು. ಈಗ ನನ್ನ ಸರದಿ.

ವಡೆ ಅಂಗಡಿಯವನ ಬುದ್ಧಿ ಬಾಣಲಿಯ ತಳದ ಹಾಗೆ, ಎಷ್ಟು ತಿಕ್ಕಿದರೂ ಒಂದು ಪದರ ಕಪ್ಪು ಉಳಿದೇ ಇರುತ್ತದೆ. ನಾನು ಹಳೆಯ ಎಣ್ಣೆಯನ್ನು ಚೆಲ್ಲಲಾರದವನು. ನಿನ್ನೆಯದಕ್ಕೆ ಇವತ್ತಿನದನ್ನು ಸೇರಿಸಿ, ಅದಕ್ಕೆ ನಾಳೆಯದನ್ನು ಸೇರಿಸಿ ವಡೆ ಸುಡುತ್ತಲೇ ಇದ್ದೆ. ಅಕ್ಕ ಮೀಟರು ತರುವ ದಿನ ಮಾತ್ರ ಬಾಣಲಿಯಲ್ಲಿ ಹೊಸ ಎಣ್ಣೆ! ಹಾಗಾದರೆ ಹುಂಡಿಗೆ ಏನು ಹಾಕುವುದು? ಮೊದಲ ಶುಕ್ರವಾರ ಕಡ್ಡಿಯ ತುದಿ ಮಾತ್ರ ಒದ್ದೆಯಾಯಿತು. ಅಕ್ಕ ಅದನ್ನು ಒರೆಸುತ್ತ, 'ವ್ಯಾಪಾರ ಕಮ್ಮಿಯಾ ತಮ್ಮಾ?' ಎಂದಳು. ಆ ಮಾತಿನ ಮೆತ್ತಗಿನ ದನಿ ನನಗೆ ಚುಚ್ಚಿತು. ಮರುವಾರ ಉದ್ದು ನೆನೆಸಿದ ನೀರನ್ನು ಚರಂಡಿಗೆ ಚೆಲ್ಲಲು ಹೋದವನು, ಯಾವ ದೆವ್ವ ಹೊಕ್ಕಿತೋ, ಹುಂಡಿಯ ಲಾಳಿಕೆಗೆ ಸುರಿದುಬಿಟ್ಟೆ. ನೀರು ಕೆಳಗೆ, ಎಣ್ಣೆ ಮೇಲೆ. ಕಡ್ಡಿ ಮೇಲಿನವರೆಗೂ ಜಿಡ್ಡಾಗಿ ಬಂತು.

'ನೋಡಿ ಅಣ್ಣಾಚಿ!' ಅಕ್ಕ ಪಕ್ಕದ ಪರೋಟ ಮಾಸ್ಟರಿಗೆ ಆ ಕಡ್ಡಿ ತೋರಿಸಿದಳು. 'ಎಲ್ಲರಿಗಿಂತ ನನ್ನ ತಂಬಿಯದೇ ಜಾಸ್ತಿ!'

ಬೀದಿಯಲ್ಲಿ ನನ್ನನ್ನು ಹೊಗಳಿದ ಮೊದಲನೆಯವಳು ನಮ್ಮಕ್ಕ. ಹೊಗಳಿಕೆಯ ರುಚಿ ಕಂಡ ನಾಲಗೆ ಬಿಡುತ್ತದೆಯೇ? ಆಮೇಲಿನ ಶುಕ್ರವಾರಗಳಲ್ಲೂ ನನ್ನದೇ ಜಾಸ್ತಿ.

ಅಕ್ಕ ಎಲ್ಲ ಹುಂಡಿಗಳ ಎಣ್ಣೆಯನ್ನೂ ಮಾರ್ಕೆಟ್ಟಿನ ಹಿಂದೆ ಅರ್ಧ ಸೂರಿಲ್ಲದ ಶೆಡ್ಡಿನಲ್ಲಿ ಡ್ರಮ್ಮಿಗೆ ತುಂಬಿಸಿದಳು. ನಮ್ಮ ಕಣಿವೆಯ ಮೊದಲ ಲೋಡು. ಕಂಪನಿಯ ವ್ಯಾನು ಬಂತು. ಕನ್ನಡಕ ಹಾಕಿದ ಒಬ್ಬ ಗಂಭೀರ ಮನುಷ್ಯ ಇಳಿದು, ಒಂದು ಸಲಾಕಿಗೆ ಮುಲಾಮಿನಂಥದ್ದೇನೋ ಸವರಿ ಡ್ರಮ್ಮಿನ ತಳದವರೆಗೆ ಇಳಿಸಿದ. ನೀರು ತಾಗಿದರೆ ಮುಲಾಮಿನ ಬಣ್ಣ ಬದಲಾಗುತ್ತದಂತೆ. ಬದಲಾಯಿತು. ಒಂದು ಮೊಳದುದ್ದ ಬದಲಾಯಿತು! 'ನೀರು ಬೆರೆತ ಎಣ್ಣೆ ಕಾರ್ಖಾನೆಗೆ ಆಗಲ್ಲಮ್ಮ' ಎಂದು ಖಾಲಿ ವ್ಯಾನಿನ ಬಾಗಿಲು ಹಾಕಿಸಿದ. 'ಇನ್ನೊಂದು ಸಲ ಹೀಗಾದರೆ ವ್ಯಾನು ಈ ಕಣಿವೆಯ ಕಡೆ ತಿರುಗುವುದಿಲ್ಲ.'

ಅಂಗಡಿಗಳವರೆಲ್ಲ ಸೇರಿದರು. ಬಜ್ಜಿಯವನು ಮುರುಕಿನವನನ್ನು ನೋಡಿದ, ಮುರುಕಿನವನು ಪರೋಟ ಮಾಸ್ಟರನ್ನು ನೋಡಿದ. ಎಲ್ಲರಿಗಿಂತ ದೊಡ್ಡ ದನಿ ಯಾರದು ಅಂತೀರಿ? ನನ್ನದೇ! 'ಯಾವ ಕಳ್ಳ ಮಾಡಿದ ಕೆಲಸ ಇದು?' ಎಂದು ಕೈ ಎತ್ತಿ ಕೂಗಿದೆ.

ಅಕ್ಕ ಡ್ರಮ್ಮಿನ ಕೆಳಗಿನ ನಲ್ಲಿ ತಿರುಗಿಸಿ ಅಂಗೈಗೆ ಸ್ವಲ್ಪ ನೀರು ಹಿಡಿದಳು. ಮೂಗಿನ ಹತ್ತಿರ ತಂದಳು. ನಲ್ಲಿ ಮುಚ್ಚಿದಳು.

'ಯಾರೂ ಅಲ್ಲ' ಎಂದಳು. 'ನಾನೇ ಮುಚ್ಚಳ ಹಾಕೋದು ಮರೆತಿದ್ದೆ. ಮಳೆ ಬಿತ್ತು.'

ಎಲ್ಲರೂ ಒಟ್ಟಿಗೆ ತಲೆ ಎತ್ತಿ ಆಕಾಶ ನೋಡಿದರು. ಕೊಂಬೈ ಕಡೆಯ ಬೆಟ್ಟದ ಮೇಲೂ ಒಂದು ಚೂರು ಮೋಡವಿಲ್ಲ. ಸುಡು ಬೇಸಿಗೆ. ತೇನಿಯ ನಲ್ಲಿಗಳಲ್ಲೇ ನೀರಿರಲಿಲ್ಲ, ನಮ್ಮಕ್ಕನ ಡ್ರಮ್ಮಿನಲ್ಲಿ ಮಾತ್ರ ಮಳೆ ಬಿದ್ದಿತ್ತು!

ಅಲ್ಲಿಂದ ಒಂದಷ್ಟು ಕಾಲ ಏರೋಪ್ಲೇನ್ ಅಕ್ಕ ಹೋಗಿ 'ಮಳೆಯಕ್ಕ' ಆದಳು. ಆಕೆ ಬರುವುದು ಕಂಡರೆ ಬಜ್ಜಿಯವನು ಕೊಡೆ ಬಿಡಿಸುವ ಹಾಗೆ ನಟಿಸುತ್ತಿದ್ದ. ಅಕ್ಕನೂ ಅವನ ಕೊಡೆಯೊಳಗೆ ತಲೆ ಬಗ್ಗಿಸಿ ನಿಂತು, 'ಜೋರಾಗಿದೆ ಅಲ್ವಾ ಅಣ್ಣಾಚಿ' ಎಂದು ನಗಿಸುತ್ತಿದ್ದಳು. ನನಗೆ ಮಾತ್ರ ನಗು ಬರುತ್ತಿರಲಿಲ್ಲ. ಆಕೆ ಡ್ರಮ್ಮನ್ನು ಹಾಗೇ ನಿಲ್ಲಿಸಿ, ತಳಕ್ಕೆ ಕೂತ ನೀರನ್ನು ನಲ್ಲಿಯಿಂದ ಬಸಿದು ಬಸಿದು ತೆಗೆಯುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಬಕೆಟ್ಟು ಹಿಡಿಯುತ್ತಿದ್ದೆ. ಹೇಳಬೇಕು ಎಂದುಕೊಳ್ಳುತ್ತಿದ್ದೆ. ಬಾಯಿ ತೆರೆದರೆ 'ಬಕೆಟ್ಟು ತುಂಬಿತಕ್ಕ' ಎನ್ನುವ ಮಾತು ಬರುತ್ತಿತ್ತು. ಹುಂಡಿಗೆ ಮಾತ್ರ ಆಮೇಲೆ ನೀರು ಹಾಕಲಿಲ್ಲ. ದಿನ ದಿನದ ಎಣ್ಣೆಯನ್ನು ಅದು ಕಪ್ಪಾಗುವ ಮೊದಲೇ ಸುರಿಯತೊಡಗಿದೆ.

ವ್ಯಾನು ಮತ್ತೆ ಬಂತು. ಸಲಾಕಿ ಇಳಿಯಿತು, ಎತ್ತಿದರೆ ಬಣ್ಣ ಬದಲಾಗಿರಲಿಲ್ಲ. ಅಕ್ಕ ಬಿಟ್ಟ ಉಸಿರು ನನಗೆ ಕೇಳಿಸಿತು. ಆದರೆ ಕನ್ನಡಕದವನ ಕೆಲಸ ಮುಗಿದಿರಲಿಲ್ಲ. 'ಎಣ್ಣೆ ಚೆನ್ನಾಗಿದೆ. ಒಂದು ವಿಷಯ ಮಾತ್ರ, ಅಮ್ಮಾ, ತಪ್ಪು ತಿಳಿಯಬೇಡಿ. ಮುಚ್ಚಳ ಮುಚ್ಚುವುದನ್ನೇ ಮರೆಯುವವರ ಕೈಗೆ ಇಷ್ಟು ಎಣ್ಣೆ ಬಿಡುವುದು ಹೇಗೆ? ಮುಂದಿನ ತಿಂಗಳಿಂದ ಬೇರೆ ಯಾರಿಗಾದರೂ ನೋಡಿಕೊಳ್ಳಲು ಹೇಳುತ್ತೇವೆ.'

ಅಕ್ಕ ತಲೆಯಾಡಿಸಿದಳು. 'ಸರಿ ಸಾರ್' ಎಂದಳು. ಸೊಂಟದಿಂದ ಬೀಗದ ಕೈ ಗೊಂಚಲನ್ನು ಬಿಚ್ಚತೊಡಗಿದಳು. ಅದು ಸೆರಗಿಗೆ ಸಿಕ್ಕಿಕೊಂಡು ಬೇಗ ಬರಲಿಲ್ಲ.

'ಸಾರ್, ಮಳೆ ಅಲ್ಲ ಸಾರ್' ಎಂದೆ. 'ನಾನು. ಹುಂಡಿಗೆ ನೀರು ಹಾಕಿದ್ದು ನಾನು.'

ಅಕ್ಕ ನನ್ನ ಕಡೆ ತಿರುಗಿದಳು. ಅಪ್ಪಿಕೊಳ್ಳುತ್ತಾಳೆ ಅಂದುಕೊಂಡಿರಾ? ನಾನೂ ಅಂದುಕೊಂಡಿದ್ದೆ! ತೇನಿಯ ಬೀದಿಯಲ್ಲಿ ತಮಿಳೇ ಆಡುವವಳು ಕನ್ನಡಕ್ಕೆ ಇಳಿದಳು.

'ಥೂ ಗೂಬೆ! ನಿನ್ನ ಯಾರ್ ಕೇಳಿದ್ರು? ನಾನು ಮಳೆ ಅಂತ ಹೇಳಿ ಮುಗಿಸಿದ್ದೆ. ಈಗ ಈ ವಯಸ್ಸಲ್ಲಿ ನನ್ನ ಸುಳ್ಳಿ ಮಾಡಿದೆಯಲ್ಲೋ, ಅದೂ ಸಾರ್ ಮುಂದೆ!'

ಕನ್ನಡಕದವನು ಪರೋಟ ಮಾಸ್ಟರನ್ನು ಕೇಳಿದ: 'ಇದು ಯಾವ ಭಾಷೆ?'

'ಕನ್ನಡ ಸಾರ್.'

'ಏನಂತಾರೆ?'

'ಅರ್ಥ ಗೊತ್ತಿಲ್ಲ ಸಾರ್. ಬೈತಾ ಇದ್ದಾರೆ ಅಂತ ಮಾತ್ರ ಗೊತ್ತು. ಇವರು ಕನ್ನಡ ಮಾತಾಡೋದೇ ಬೈಯೋಕೆ.'

ನಾನು ನೆಲ ನೋಡುತ್ತ ಕೇಳಿದೆ: 'ನಿಂಗೆ ಮೊದಲೇ ಗೊತ್ತಿತ್ತಾ ಅಕ್ಕ?'

'ಉದ್ದಿನ ನೀರಿನ ಹುಳಿ ವಾಸನೆ ನಂಗೆ ಗೊತ್ತಾಗಲ್ವಾ? ಈ ಸಾಲಲ್ಲಿ ಉದ್ದು ನೆನೆಸೋನು ನೀನೊಬ್ಬನೇ. ಹೇಳಿದ್ರೆ ನಿನ್ನ ಅಂಗಡಿಗೆ ಆಮೇಲೆ ಯಾರೋ ಬರ್ತಾರೆ? ನನ್ನ ಮಳೆಯಕ್ಕ ಅಂದ್ರೆ ನಂಗೇನು ಸವೆದು ಹೋಗ್ತದಾ?' ಅಷ್ಟು ಹೇಳುವಾಗಲೂ ಕೋಪವೇ ಇತ್ತು. ಆಮೇಲೆ ದನಿ ಇಳಿಯಿತು. 'ನೀರು ಹಾಕಿದ್ದಕ್ಕೆ ಅಲ್ಲ ತಮ್ಮಾ ನಂಗೆ ಹೊಟ್ಟೆ ಉರಿದದ್ದು. ನೀರು ಹಾಕಿದ್ದಾನೆ ಅಂದ್ರೆ ಆ ಎಣ್ಣೆ ಎಲ್ಲಿಗೆ ಹೋಯ್ತು? ಬಾಣಲಿಯಲ್ಲೇ ಇದೆ. ಮಿಕ್ಕಿದ ವಡೆ ತಿನ್ನೋನು ನೀನು. ಅಪ್ಪನೂ ಹಂಗೇ ತಿಂದು ತಿಂದು, ಅದೇ ಅಂಗಡಿ ಬೆಂಚಿನ ಮೇಲೆ ಎದೆ ಹಿಡ್ಕೊಂಡು ಕೂತೋರು ಏಳಲಿಲ್ಲ. ನಿನ್ನ ಬಾಣಲಿಯಿಂದ ಆ ಎಣ್ಣೆ ತೆಗೀಬೇಕಿತ್ತು ನಂಗೆ. ಹಾಕಿದ ಎಣ್ಣೆ ಮತ್ತೆ ತೆಗೆದು ಸುಡಬೇಡ ಅಂತ ಬೀಗ ಹಾಕಿದೆ. ಬಾಯಲ್ಲಿ ಹೇಳಿದ್ರೆ ನೀನು ಕೇಳ್ತಿದ್ದೆಯಾ?'

ಕೇಳುತ್ತಿರಲಿಲ್ಲ. ಅಪ್ಪನಿಗೂ ಆಕೆ ಬಾಯಲ್ಲಿ ಹೇಳಿಯೇ ಸೋತಿದ್ದಳು.

'ಹಂಗಾದ್ರೆ ವಿಮಾನ ಎಲ್ಲ ಸುಳ್ಳಾ?' ಎಂದೆ.

'ಯಾಕೋ ಸುಳ್ಳು? ವಿಮಾನಾನೂ ಹಾರಬೇಕು, ನೀನೂ ಇರಬೇಕು. ಒಂದೇ ಎಣ್ಣೇಲಿ ಎರಡು ಕೆಲಸ ಆದ್ರೆ ಬೇಡ ಅಂತೀಯಾ?'

ಕನ್ನಡಕದವನಿಗೆ ಒಂದಕ್ಷರ ಅರ್ಥವಾಗಿರಲಿಲ್ಲ. ಆದರೆ ನಾನು ಕಣ್ಣೊರೆಸಿಕೊಳ್ಳುವುದನ್ನು ನೋಡಿದ. 'ಬೀಗದ ಕೈ ನೀವೇ ಇಟ್ಟುಕೊಳ್ಳಿ ಅಮ್ಮಾ' ಎಂದ. 'ಇವರ ಡಬ್ಬ ಮಾತ್ರ ಬೇರೆ ಇಡಿ. ಅದನ್ನು ನಾನೇ ಮೊದಲು ನೋಡುತ್ತೇನೆ.' ಡ್ರಮ್ಮುಗಳು ವ್ಯಾನು ಹತ್ತಿದವು.

ಇದನ್ನೆಲ್ಲ ಬರೆದು ಬಿಡಬೇಕು ಅನ್ನಿಸಿತು. ಬಾಯಲ್ಲಿ ಹೇಳಿದರೆ ಅಕ್ಕ ಮತ್ತೆ ಗೂಬೆ ಎನ್ನುತ್ತಾಳೆ. ಬೀದಿಯಲ್ಲಿ ನನ್ನ ಮಾನ ಉಳಿಸಲು ಬೇಸಿಗೆಯಲ್ಲಿ ಮಳೆ ಸುರಿಸಿದವಳಿಗೆ ಎಂಟನೆಯ ಕ್ಲಾಸಿನವನು ಇನ್ನು ಹೇಗೆ ಕೃತಜ್ಞತೆ ಹೇಳುವುದು?

ಅವತ್ತು ಸಂಜೆ ನಾನು ಬಾಣಲಿ ತೊಳೆದು, ಹೊಸ ಎಣ್ಣೆ ಹಾಕಿ ಮೊದಲ ಸುತ್ತಿನ ವಡೆ ಸುಡುತ್ತಿದ್ದೆ. ಅಕ್ಕ ಊರಿಗೆ ಹೊರಟವಳು ಅಂಗಡಿಯ ಮುಂದೆ ನಿಂತಳು. ಅಪ್ಪ ಹೋದ ಮೇಲೆ ಈ ಅಂಗಡಿಯ ವಡೆಯನ್ನು ಆಕೆ ಬಾಯಿಗೆ ಇಟ್ಟದ್ದನ್ನು ನಾನು ಕಂಡಿರಲಿಲ್ಲ. ಹಲ್ಲುನೋವು, ಉಪವಾಸ, ಏನಾದರೊಂದು ನೆಪ ಇರುತ್ತಿತ್ತು. ಅವತ್ತು ಮೀಟರನ್ನು ಚೀಲದಿಂದ ತೆಗೆಯಲೂ ಇಲ್ಲ. ಅಂಗೈ ಚಾಚಿದಳು.

'ಒಂದು ವಡೆ ಕೊಡು.'

ಬಿಸಿಬಿಸಿ ವಡೆಯನ್ನು ಕಾಗದದ ಮೇಲಿಟ್ಟು ಕೊಟ್ಟೆ. ಊದಿ ಊದಿ, ಮುರಿದು, ಪೂರ್ತಿ ತಿಂದಳು. ನಾನು ಜಾಲರಿ ಹಿಡಿದು ಪರೀಕ್ಷೆಯ ಫಲಿತಾಂಶಕ್ಕೆ ನಿಂತ ಹುಡುಗನ ಹಾಗೆ ಕಾಯುತ್ತಿದ್ದೆ.

'ಉಪ್ಪು ಕಮ್ಮಿ' ಎಂದಳು. ಆಮೇಲೆ ಇನ್ನೊಂದಕ್ಕೆ ಕೈ ಚಾಚಿದಳು.